ಮನೆ ಗ್ಯಾರೇಜು: ನಡುಗುವ ಸ್ಟೇರಿಂಗ್ ಏನು ಹೇಳುತ್ತದೆ?

ಮಕ್ಕಳೇ, ರಜೆಯಲ್ಲಿ ಮನೆಮಂದಿಯೆಲ್ಲ ಜೀಪಿನಲ್ಲಿ ಬೆಟ್ಟ ಹತ್ತಿ ಇಳಿದ ಮೇಲೆ ಮೊದಲು ಏನು ಮಾಡುತ್ತೀರಿ? ಕಾಲಿಗೆ ಉಂಬಳ ಹತ್ತಿದೆಯೇ ಎಂದು ನೋಡಿಕೊಳ್ಳುತ್ತೀರಿ. ಆಮೇಲೆ ಫೋಟೋಗಳು ಚೆನ್ನಾಗಿ ಬಂದಿವೆಯೇ ಎಂದು ನೋಡುತ್ತೀರಿ. ಅಮ್ಮ ಬುತ್ತಿಯ ಡಬ್ಬಿಗಳನ್ನು ಎಣಿಸುತ್ತಾರೆ, ಅಜ್ಜಿ ಸೊಂಟ ನೀವಿಕೊಳ್ಳುತ್ತಾರೆ. ಸರಿ, ನಿಮ್ಮೆಲ್ಲರನ್ನೂ ಹೊತ್ತು ಕಲ್ಲು, ಕೆಸರು, ಹಳ್ಳ ದಾಟಿ ಬಂದ ಗಾಡಿಗೆ ಏನಾಗಿದೆ ಎಂದು ನೋಡುವವರು ಯಾರು?

ನಮ್ಮ ಮಲೆನಾಡಿನಲ್ಲಿ ಇಂಥ ದಾರಿಗಳಿಗೆ ಬರವಿಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗುವ ಜೀಪಿನ ದಾರಿಯನ್ನೇ ನೋಡಿ. ಅರ್ಧ ದಾರಿ ಮಣ್ಣು, ಅರ್ಧ ದಾರಿ ಬಂಡೆ, ಮಳೆ ಬಂದರೆ ಎರಡೂ ಕೆಸರು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಜೀಪುಗಳ ಪಾಡೂ ಇದೇ. ಕಾಫಿ ತೋಟದ ಒಳದಾರಿಗಳಲ್ಲಂತೂ ದಿನಾ ಗಾಡಿ ಓಡಬೇಕು. ಅಲ್ಲೆಲ್ಲ ಗಾಡಿ ಹೋಗುವುದು ಗಂಟೆಗೆ ಹತ್ತು, ಹದಿನೈದು ಕಿಲೋಮೀಟರ್ ವೇಗದಲ್ಲಿ. ದಾರಿಯೇ ಅಷ್ಟು ಕುಲುಕುವಾಗ ಗಾಡಿಯೊಳಗೆ ಏನಾದರೂ ಸಡಿಲವಾಗಿದ್ದರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೆಳಗಿಳಿದು ಟಾರು ರಸ್ತೆಗೆ ಬಂದ ಮೇಲೆ. ವೇಗ 60 ದಾಟಿತು, 70 ದಾಟಿತು, ಸ್ಟೇರಿಂಗ್ ಗಡಗಡ ಎನ್ನತೊಡಗಿತು.

“ಅಪ್ಪಾ, ಸ್ಟೇರಿಂಗ್ ಯಾಕೆ ನಡುಗ್ತಿದೆ?” ಎಂದು ಹಿಂದಿನ ಸೀಟಿನಿಂದ ನೀವು ಕೇಳುತ್ತೀರಿ. “ರಸ್ತೆ ಸರಿಯಿಲ್ಲ, ಸುಮ್ನೆ ಕೂತ್ಕೋ” ಎಂದು ಉತ್ತರ ಬರಬಹುದು. ಇಲ್ಲವೇ ಅಪ್ಪ ವೇಗವನ್ನು 50ಕ್ಕೆ ಇಳಿಸಿ, “ನೋಡು, ನಿಂತೇ ಹೋಯ್ತು” ಎನ್ನಬಹುದು. ಈ ವಾರ ದೊಡ್ಡವರಿಗೂ ಚಿಕ್ಕವರಿಗೂ ನಾನು ಹೇಳಬೇಕೆಂದಿರುವುದು ಇದನ್ನೇ. ವೇಗ ಇಳಿಸಿದಾಗ ನಿಂತದ್ದು ನಡುಕ ಮಾತ್ರ, ಅದರ ಕಾರಣ ಅಲ್ಲೇ ಇದೆ. ಆ ಕಾರಣ ಒಂದು ಹೆಂಟೆ ಮಣ್ಣೂ ಆಗಿರಬಹುದು, ಕಳಚಲು ಸಿದ್ಧವಾದ ಚಕ್ರವೂ ಆಗಿರಬಹುದು. ಹೊರಗಿನಿಂದ ಎರಡೂ ಒಂದೇ ರೀತಿ ನಡುಗುತ್ತವೆ. ಆದ್ದರಿಂದ ಹುಡುಕಲೇಬೇಕು.

ಡಾಕ್ಟರು ಕೇಳುವ ಪ್ರಶ್ನೆಗಳು

ಜ್ವರ ಬಂದಾಗ ಡಾಕ್ಟರು ನೇರವಾಗಿ ಸೂಜಿ ಚುಚ್ಚುವುದಿಲ್ಲ. ಯಾವಾಗಿನಿಂದ? ಚಳಿ ಇದೆಯೇ? ಎಲ್ಲಿ ನೋವು? ಎಂದು ಕೇಳುತ್ತಾರೆ. ಗಾಡಿಗೂ ಹಾಗೆಯೇ ಕೇಳಬೇಕು.

ಒಂದನೆಯ ಪ್ರಶ್ನೆ: ನಡುಕ ಯಾವಾಗ ಬರುತ್ತದೆ? ಒಂದು ವೇಗ ಮುಟ್ಟಿದಾಗಲೇ? ಬ್ರೇಕ್ ಒತ್ತಿದಾಗ ಮಾತ್ರವೇ? ಗುಂಡಿಗೆ ಬಿದ್ದು ಎದ್ದ ಕೂಡಲೇ? ಎರಡನೆಯದು: ಎಲ್ಲಿ ಬರುತ್ತದೆ? ಸ್ಟೇರಿಂಗಿನಲ್ಲಿ ನಡುಕವಿದ್ದರೆ ಸಾಮಾನ್ಯವಾಗಿ ಮುಂದಿನ ಚಕ್ರಗಳ ಕಡೆ ನೋಡಬೇಕು. ಸೀಟಿನಲ್ಲಿ, ಕಾಲಡಿಯಲ್ಲಿ ನಡುಕವಿದ್ದರೆ ಹಿಂದಿನ ಚಕ್ರಗಳನ್ನೋ, ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಶಾಫ್ಟನ್ನೋ ನೋಡಬೇಕು. ಮೂರನೆಯದು: ಗಾಡಿ ನಿಂತಿರುವಾಗ ಎಂಜಿನ್ ಜೋರು ಮಾಡಿದರೂ ನಡುಗುತ್ತದೆಯೇ? ಹೌದು ಎಂದಾದರೆ ಅದು ಚಕ್ರದ ಕಾಯಿಲೆಯಲ್ಲ, ಎಂಜಿನ್ ಕಡೆಯದು.

ಗಾಡಿ ಓಡಿಸುವವರ ಕಣ್ಣು ರಸ್ತೆಯ ಮೇಲಿರಬೇಕು. ಇದನ್ನೆಲ್ಲ ಗಮನಿಸಿ ಬರೆದುಕೊಳ್ಳುವ ಕೆಲಸ ಹಿಂದಿನ ಸೀಟಿನವರದು, ಅಂದರೆ ನಿಮ್ಮದು. “70ರಲ್ಲಿ ಶುರು, ಸ್ಟೇರಿಂಗಿನಲ್ಲಿ, ಬ್ರೇಕ್ ಒತ್ತದಿದ್ದರೂ ಇದೆ” ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ.

ಮೊದಲ ಕಳ್ಳ: ಕೆಸರು

ಕಾಡುದಾರಿಯಿಂದ ಇಳಿದ ಗಾಡಿ ನಡುಗಿದರೆ ಮೊದಲು ಅನುಮಾನಿಸಬೇಕಾದದ್ದು ಕೆಸರನ್ನು. ಚಕ್ರದ ಹೊರಮುಖ ಎಲ್ಲರಿಗೂ ಕಾಣುತ್ತದೆ, ಬಕೆಟ್ ನೀರು ಎರಚಿದರೆ ಥಳಥಳ ಎನ್ನುತ್ತದೆ. ಆದರೆ ರಿಮ್ಮಿನ ಒಳಮುಖ, ಬ್ರೇಕಿನ ಕಡೆಗಿರುವ ಗುಂಡನೆಯ ತೊಟ್ಟಿಯಂಥ ಭಾಗ, ಬಗ್ಗಿ ನೋಡದೆ ಕಾಣುವುದಿಲ್ಲ. ಕೆಸರು ಅಲ್ಲಿ ಹೋಗಿ ಕೂರುತ್ತದೆ. ಗಾಡಿ ರಾತ್ರಿ ನಿಂತಾಗ ಕೆಳಗಿಳಿದು ಒಂದೇ ಕಡೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಹೊರಟರೆ ಚಕ್ರದ ಒಂದು ಮಗ್ಗುಲು ಭಾರ.

ಒಂದು ಮುಷ್ಟಿ ಮಣ್ಣು ಅಷ್ಟು ದೊಡ್ಡ ಜೀಪನ್ನು ನಡುಗಿಸುತ್ತದೆಯೇ? ಲೆಕ್ಕ ಹಾಕೋಣ. ಜೀಪಿನ ಟೈರಿನ ಎತ್ತರ ಸುಮಾರು 70 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಅಂದರೆ ಚಕ್ರ ಪ್ರತಿ ಸೆಕೆಂಡಿಗೆ ಹತ್ತು ಸುತ್ತು ಹಾಕುತ್ತದೆ. ರಿಮ್ಮಿನೊಳಗೆ, ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿ 100 ಗ್ರಾಂ ಕೆಸರು ಅಂಟಿದ್ದರೆ, ಆ ವೇಗದಲ್ಲಿ ಅದು ಚಕ್ರವನ್ನು ಹೊರಕ್ಕೆಳೆಯುವ ಬಲ ಸುಮಾರು 8 ಕಿಲೋ ತೂಗು ಹಾಕಿದಷ್ಟು! ಆ ಎಳೆತ ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಹಿಂದಕ್ಕೆ, ಹೀಗೆ ಸೆಕೆಂಡಿಗೆ ಹತ್ತು ಸಲ ಸುತ್ತು ಬರುತ್ತದೆ. ಸ್ಟೇರಿಂಗ್ ಗಡಗಡ ಎನ್ನದೆ ಇನ್ನೇನು ಮಾಡೀತು?

ಇನ್ನೊಂದು ತಮಾಷೆ ನೋಡಿ. ವೇಗ 80ರಿಂದ 40ಕ್ಕೆ ಇಳಿದರೆ ಈ ಬಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. 8 ಕಿಲೋ ಇದ್ದದ್ದು 2 ಕಿಲೋ. ವೇಗ ಇಳಿಸಿದ ಕೂಡಲೇ ‘ನಿಂತೇ ಹೋಯ್ತು’ ಅನ್ನಿಸುವುದು ಇದಕ್ಕೇ.

ಮನೆಯಲ್ಲೇ ಮಾಡಿ ನೋಡಿ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಒದ್ದೆ ಬಟ್ಟೆಯ ಚಿಕ್ಕ ಗಂಟೊಂದನ್ನು ಹಿಂದಿನ ಚಕ್ರದ ಕಡ್ಡಿಗಳ ನಡುವೆ, ರಿಮ್ಮಿನ ಹತ್ತಿರ, ಬಿಚ್ಚಿಕೊಳ್ಳದಂತೆ ಕಟ್ಟಿ. ಪೆಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಆಮೇಲೆ ಸ್ವಲ್ಪ ಜೋರಾಗಿ. ಇಡೀ ಸೈಕಲ್ ಕುಣಿಯತೊಡಗುತ್ತದೆ. ಅದೇ ಗಂಟನ್ನು ಮುಂದಿನ ಚಕ್ರಕ್ಕೆ ಕಟ್ಟಿ ಮೆಲ್ಲಗೆ ತಿರುಗಿಸಿ ಬಿಟ್ಟರೆ, ನಿಲ್ಲುವಾಗ ಗಂಟು ಯಾವಾಗಲೂ ಕೆಳಗೇ ಬರುತ್ತದೆ. ಭಾರದ ಜಾಗ ಪತ್ತೆಯಾಯಿತು! ಬೆರಳು, ಜಡೆ, ಶಾಲು ಚಕ್ರದಿಂದ ದೂರವಿರಲಿ, ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಜೀಪಿನ ಕೆಸರಿಗೆ ಔಷಧ ಸುಲಭ. ಒಂದು ಕಡ್ಡಿಯಿಂದ ನಾಲ್ಕೂ ಚಕ್ರಗಳ ಒಳಭಾಗವನ್ನು ಕೆರೆದು ನೀರು ಹಾಯಿಸಿ. ದೊಡ್ಡ ಹೆಂಟೆಗಳನ್ನು ಹೆದ್ದಾರಿಗೆ ಬರುವ ಮೊದಲೇ ಬೀಳಿಸಿಬಿಡಬೇಕು, ಹಿಂದೆ ಬರುವ ಬೈಕಿನವರ ಮೇಲೆ ಅವು ಹಾರಬಾರದು. ಹಾಗೆಂದು ಗಾಡಿಯನ್ನು ಹಳ್ಳದೊಳಗೆ ಇಳಿಸಿ ತೊಳೆಯಬೇಡಿ. ಗಾಡಿಯ ಎಣ್ಣೆ ನೀರಿಗೆ ಸೇರುತ್ತದೆ, ಅದೇ ನೀರನ್ನು ಕೆಳಗಿನ ಊರಿನವರು ಬಳಸುತ್ತಾರೆ.

ಕೆಸರು ಹೋದರೂ ನಡುಕ ಹೋಗದಿದ್ದರೆ

ಆಗ ಚಕ್ರವನ್ನೇ ನೋಡಬೇಕು. ಮೊದಲು ಚಕ್ರದ ನಟ್ಟುಗಳು. ಒಂದೊಂದನ್ನೂ ಸ್ಪ್ಯಾನರ್ ಹಾಕಿ ದೊಡ್ಡವರು ಬಿಗಿಯಾಗಿದೆಯೇ ಎಂದು ನೋಡಲಿ. ಕಾಡಿನಲ್ಲಿ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದ್ದರಂತೂ ಇದು ಬೇಕೇ ಬೇಕು. ನಟ್ಟು ಬಿಗಿಯುವಾಗ ಪಕ್ಕಪಕ್ಕದ್ದನ್ನು ಬಿಗಿಯುತ್ತ ಸುತ್ತು ಬರಬಾರದು, ಒಂದಾದ ಮೇಲೆ ಅದರ ಎದುರಿನದನ್ನು ಬಿಗಿಯಬೇಕು. ಆಗ ಚಕ್ರ ಓರೆಯಾಗದೆ ಕೂರುತ್ತದೆ.

ಆಮೇಲೆ ಟೈರಿನ ಗಾಳಿ. ಕೆಸರು, ಕಲ್ಲಿನಲ್ಲಿ ಹಿಡಿತ ಸಿಗಲೆಂದು ಕೆಲವರು ಗಾಳಿ ಇಳಿಸುತ್ತಾರೆ. ಕೆಳಗೆ ಬಂದ ಮೇಲೆ ತುಂಬಿಸಲು ಮರೆಯುತ್ತಾರೆ. ಎಷ್ಟು ಗಾಳಿ ಬೇಕೆಂಬ ಚೀಟಿ ಹೆಚ್ಚಿನ ಗಾಡಿಗಳಲ್ಲಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲೇ ಅಂಟಿಸಿರುತ್ತದೆ, ಮಕ್ಕಳು ಹುಡುಕಿ ಓದಬಹುದು.

ಮೂರನೆಯದು ಟೈರಿನ ಪಕ್ಕೆ. ಕಲ್ಲಿನ ಅಂಚಿಗೆ ಒತ್ತಿ ಒಳಗಿನ ನೂಲು ಹರಿದಿದ್ದರೆ ಪಕ್ಕೆಯಲ್ಲಿ ಬೋರೆಹಣ್ಣಿನಂಥ ಉಬ್ಬು ಕಾಣುತ್ತದೆ. ಒಳಪಕ್ಕೆಯನ್ನೂ ಬಗ್ಗಿ ನೋಡಿ. ಉಬ್ಬಿದ ಟೈರಿಗೆ ತೇಪೆ ಇಲ್ಲ, ರಿಪೇರಿ ಇಲ್ಲ. ಅಲ್ಲೇ ಸ್ಟೆಪ್ನಿ ಹಾಕಿಕೊಂಡು ಹೊರಡಬೇಕು.

ನಾಲ್ಕನೆಯದು ರಿಮ್ಮಿನ ಅಂಚಿಗೆ ಸಿಕ್ಕಿಸಿರುವ ಪುಟ್ಟ ಲೋಹದ ತುಂಡುಗಳು. ಚಕ್ರದ ಹಗುರವಾದ ಮಗ್ಗುಲಿಗೆ ಸೇರಿಸಿದ ತೂಕಗಳಿವು. ಕಲ್ಲು ತಾಗಿ ಒಂದು ಉದುರಿದರೂ ಸಮತೋಲ ಹೋಯಿತು. ಅದು ಇದ್ದ ಜಾಗದಲ್ಲಿ ಸ್ವಚ್ಛವಾದ ಚೌಕಾಕಾರದ ಗುರುತು ಉಳಿದಿರುತ್ತದೆ. ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮಾಡಿಸಿದರೆ ಸರಿಹೋಗುತ್ತದೆ. ಬಡಿದು ಸೊಟ್ಟಗಾದ ರಿಮ್ಮೂ ಅಲ್ಲೇ ಬಯಲಾಗುತ್ತದೆ, ಏಕೆಂದರೆ ಯಂತ್ರದ ಮೇಲೆ ತಿರುಗುವಾಗ ಅದು ಹಾವಿನಂತೆ ಓಲಾಡುತ್ತದೆ.

ಯಾವ ಚಕ್ರವೆಂದು ತಿಳಿಯದಿದ್ದರೆ ಹಳೆಯ ಉಪಾಯವೊಂದಿದೆ. ನಾಲ್ಕೂ ಒಂದೇ ಅಳತೆಯ ಚಕ್ರಗಳಾದರೆ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ನೋಡುವುದು. ನಡುಕ ಸ್ಟೇರಿಂಗಿನಿಂದ ಸೀಟಿಗೆ ಹೋದರೆ ಕಳ್ಳ ಚಕ್ರದಲ್ಲೇ ಇದ್ದಾನೆ. ಸ್ಟೇರಿಂಗಿನಲ್ಲೇ ಉಳಿದರೆ ಕಳ್ಳ ಇನ್ನೂ ಒಳಗಿದ್ದಾನೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಟೈರಿಗೆ ದುಡ್ಡು ಸುರಿಯಬೇಡಿ. ಬ್ರೇಕಿನ ಡಿಸ್ಕ್ ಅಥವಾ ಡ್ರಮ್ ಏರುಪೇರಾಗಿದೆಯೇ, ಮಣ್ಣು ಮೆತ್ತಿದೆಯೇ ಎಂದು ನೋಡಿಸಿ. ಕಿರ್ರ್ ಎಂದು ಕಿವಿ ಕೊರೆಯುವ ಸದ್ದು ಬಂದರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲೊಂದು ಸಿಕ್ಕಿರಬಹುದು.

ಸ್ಟೇರಿಂಗ್ ನೇರವಾಗಿ ಹಿಡಿದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ? ಅಥವಾ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಓರೆಯಾಗಿರುತ್ತದೆಯೇ? ಆಗ ಟೈ ರಾಡ್ ಬಾಗಿರಬಹುದು. ಮುಂದಿನ ಎರಡು ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಬ್ಬಿಣದ ಸರಳು ಅದು. ಹಳೆಯ ಜೀಪುಗಳಲ್ಲಿ ಬಂಡೆಗೆ ಸುಲಭವಾಗಿ ಸಿಗುವಷ್ಟು ಕೆಳಗೇ ಇರುತ್ತದೆ. ಮುಂದಿನ ಎರಡು ಟೈರುಗಳ ನಡುಗೆರೆಗಳ ಅಂತರವನ್ನು ಟೈರಿನ ಮುಂಬದಿಯಲ್ಲಿ ಒಮ್ಮೆ, ಹಿಂಬದಿಯಲ್ಲಿ ಒಮ್ಮೆ ಟೇಪಿನಿಂದ ಅಳೆಯಿರಿ. ಸರಿಯಾಗಿದ್ದರೆ ವ್ಯತ್ಯಾಸ ಕೆಲವೇ ಮಿಲಿಮೀಟರ್. ಬೆರಳಿನ ದಪ್ಪದಷ್ಟು ವ್ಯತ್ಯಾಸ ಬಂದರೆ ಸರಳು ಬಾಗಿದೆ ಎಂದೇ ಅನುಮಾನಿಸಿ. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಟೇಪಿನ ಒಂದು ತುದಿಯನ್ನು ಮಕ್ಕಳು ಹಿಡಿಯಬಹುದು.

ಹನ್ನೆರಡು ಗಂಟೆ, ಆರು ಗಂಟೆ

ಇನ್ನು ಮೆಕ್ಯಾನಿಕ್ಕಿನ ಸರದಿ. ಮಕ್ಕಳು ದೂರ ನಿಂತು ನೋಡಬೇಕು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು, ಉರುಳಿ ಹೋದ ಚೆಂಡನ್ನು ತೆಗೆಯುವುದಕ್ಕೂ ಹಾಕಬಾರದು. ತಿಳಿದ ಮೆಕ್ಯಾನಿಕ್ಕುಗಳು ಜಾಕನ್ನು ನಂಬುವುದಿಲ್ಲ, ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟೇ ಕೆಲಸ ಶುರು ಮಾಡುತ್ತಾರೆ.

ಚಕ್ರವನ್ನು ಗಡಿಯಾರದ ಮುಖ ಎಂದುಕೊಳ್ಳಿ. ಮೇಲೆತ್ತಿದ ಚಕ್ರವನ್ನು ಮೆಕ್ಯಾನಿಕ್ 12 ಗಂಟೆ ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸುತ್ತಾನೆ. ಲೊಡಲೊಡ ಎಂದರೆ ಚಕ್ರದ ಬೇರಿಂಗೋ, ಚಕ್ರ ತಿರುಗುವ ಕೀಲಾದ ಕಿಂಗ್ ಪಿನ್ನೋ ಬಾಲ್ ಜಾಯಿಂಟೋ ಸವೆದಿದೆ. ಎರಡರಲ್ಲಿ ಯಾವುದು? ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಬೇಕು. ಆಗ ಅಲ್ಲಾಟ ನಿಂತರೆ ಬೇರಿಂಗಿನದು, ನಿಲ್ಲದಿದ್ದರೆ ಕೀಲಿನದು. ಆಮೇಲೆ 9 ಗಂಟೆ ಮತ್ತು 3 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸುತ್ತಾನೆ. ಅಲ್ಲಿ ಮಾತ್ರ ಸಡಿಲವಿದ್ದರೆ ಟೈ ರಾಡಿನ ತುದಿಗಳನ್ನೂ ಸ್ಟೇರಿಂಗಿನ ಜೋಡಣೆಗಳನ್ನೂ ನೋಡುತ್ತಾನೆ. ಇಷ್ಟಕ್ಕೆ ಬೇಕಾದದ್ದು ಎರಡು ಕೈ ಮತ್ತು ಐದು ನಿಮಿಷ.

ಬೇರಿಂಗ್ ಕೆಡುವುದಕ್ಕೆ ಹಳ್ಳದ ನೀರೂ ಕಾರಣ. ಓಡಿ ಬಿಸಿಯಾದ ಚಕ್ರದ ಗುಂಬ ತಣ್ಣನೆಯ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಆ ಜಾಗ ತುಂಬಲು ರಬ್ಬರಿನ ಸೀಲಿನ ಸಂದಿಯಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಗ್ರೀಸು ಅಥವಾ ಆಕ್ಸಲ್ಲಿನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಬದಲಿಸದೆ ಬಿಟ್ಟರೆ ತುಕ್ಕು, ತುಕ್ಕಿನಿಂದ ಸವೆತ, ಸವೆತದಿಂದ ಗಡಗಡ.

ಗುಂಡಿಯಲ್ಲಿ ಹುಟ್ಟುವ ಭೂತ

ಎಲ್ಲಕ್ಕಿಂತ ಹೆದರಿಸುವ ನಡುಕ ಇನ್ನೊಂದಿದೆ. ಗಾಡಿ ನೆಟ್ಟಗೆ ಹೋಗುತ್ತಿರುತ್ತದೆ. ಒಂದು ಗುಂಡಿಯೋ ಸೇತುವೆಯ ಸಂದೋ ಸಿಗುತ್ತದೆ. ತಕ್ಷಣ ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗುತ್ತವೆ. ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಒದರುತ್ತದೆ, ತಾನಾಗಿ ನಿಲ್ಲುವುದೇ ಇಲ್ಲ. ಎರಡು ಮುಂಚಕ್ರಗಳಿಗೂ ಸೇರಿ ಒಂದೇ ಗಟ್ಟಿ ಆಕ್ಸಲ್ ಇರುವ ಹಳೆಯ ಜೀಪುಗಳು, ಜಿಪ್ಸಿ, ಜಿಮ್ನಿಯಂಥ ಗಾಡಿಗಳು ಕಾಡುದಾರಿಗೆ ಬಲು ಗಟ್ಟಿ. ಆದರೆ ಅಂಥ ಆಕ್ಸಲ್ಲಿನ ಗಾಡಿಯಲ್ಲಿ ಕೀಲುಗಳು ಸಡಿಲವಾದರೆ ಈ ಭೂತ ಕಾಣಿಸಿಕೊಳ್ಳುತ್ತದೆ.

ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಮುಂದಿನ ಪುಟ್ಟ ಚಕ್ರ ಜೋರಾಗಿ ತಳ್ಳಿದಾಗ ಪಟಪಟ ಬಡಿದುಕೊಳ್ಳುವುದನ್ನು ನೋಡಿದ್ದೀರಲ್ಲ? ಅದೂ ಇದೇ ಜಾತಿ. 1920ರ ದಶಕದ ಕಾರುಗಳಲ್ಲೂ ಈ ಕಾಟವಿತ್ತು. ಆಗ ಪಾಶ್ಚಾತ್ಯರಲ್ಲಿ ಚಾಲ್ತಿಯಲ್ಲಿದ್ದ, ಹೆಗಲು ಕುಲುಕಿಸುವ ‘ಶಿಮ್ಮಿ’ ಎಂಬ ನೃತ್ಯದ ಹೆಸರೇ ಇದಕ್ಕೆ ಬಂತು.

ಇದು ನಡೆಯುವುದು ಜೋಕಾಲಿಯ ಹಾಗೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಸಣ್ಣಗೆ ದೂಡುತ್ತಿದ್ದರೂ ಅದು ಎತ್ತರೆತ್ತರ ಹೋಗುತ್ತದೆ. ಕೀಲುಗಳು ಬಿಗಿಯಾಗಿದ್ದರೆ ಗುಂಡಿಯ ಪೆಟ್ಟು ಅಲ್ಲೇ ಸಾಯುತ್ತದೆ. ಸಡಿಲವಿದ್ದರೆ ಎಡಕ್ಕೆ ಹೋದ ಚಕ್ರ ನಡುವಿನಲ್ಲಿ ನಿಲ್ಲದೆ ಬಲಕ್ಕೆ ಹಾರುತ್ತದೆ, ಉರುಳುವ ಟೈರೇ ಪ್ರತಿ ಸಲವೂ ಅದನ್ನು ದೂಡುತ್ತದೆ.

ಹಾಗಾದರೆ ಏನು ಮಾಡಬೇಕು? ಓಡಿಸುವವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಹೆಬ್ಬೆರಳುಗಳು ಸ್ಟೇರಿಂಗಿನ ಒಳಗೆ ಸಿಕ್ಕಿಕೊಳ್ಳಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಹಟಾತ್ತನೆ ಬ್ರೇಕ್ ಹಾಕದೆ, ನಿಧಾನವಾಗಿ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಬೇಕು. ಹಿಂದೆ ಕೂತವರು ಕಿರುಚದಿರುವುದೇ ದೊಡ್ಡ ಸಹಾಯ. ಒಮ್ಮೆ ಹೀಗಾದ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಮುಂದುವರಿಯಬಾರದು. ‘ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ, ಸರಿಹೋಗುತ್ತೆ’ ಎಂದು ಯಾರಾದರೂ ಹೇಳಬಹುದು. ಡ್ಯಾಂಪರ್ ಒಳ್ಳೆಯದೇ. ಆದರೆ ಸವೆದ ಕೀಲನ್ನು ಹಾಗೇ ಬಿಟ್ಟು ಅದನ್ನು ಹಾಕಿಸುವುದು ಹುಳುಕು ಹಲ್ಲಿಗೆ ಲವಂಗ ಇಟ್ಟಂತೆ. ನೋವು ಅಡಗುತ್ತದೆ, ಹುಳುಕು ಬೆಳೆಯುತ್ತದೆ.

ನಡುಗದಿದ್ದರೂ ನೋಡಿ

ಕೆಲವು ಗಾಯಗಳು ನಡುಕವನ್ನೇ ಕೊಡುವುದಿಲ್ಲ. ಗಾಡಿ ರಾತ್ರಿ ನಿಂತ ಜಾಗದಲ್ಲಿ ಬೆಳಿಗ್ಗೆ ಎಣ್ಣೆಯ ಕಲೆ ಇದೆಯೇ? ಪ್ರತಿ ಚಕ್ರದ ಒಳಬದಿಗೆ ಹೋಗುವ ಬ್ರೇಕಿನ ರಬ್ಬರ್ ಪೈಪು ಉಜ್ಜಿ ಗಾಯವಾಗಿದೆಯೇ? ಬಿಸಿಯಾಗುವ ಸೈಲೆನ್ಸರ್ ಪೈಪಿನ ಮೇಲೆ ಒಣಹುಲ್ಲು, ತರಗೆಲೆ ಸಿಕ್ಕಿಕೊಂಡಿದೆಯೇ? ಇದ್ದರೆ ತಣಿದ ಮೇಲೆ ದೊಡ್ಡವರು ತೆಗೆದು ಬಿಡಲಿ, ಬೆಂಕಿ ಹತ್ತಲು ಅಷ್ಟೇ ಸಾಕು. ಗಾಡಿ ಒಂದು ಕಡೆ ವಾಲಿದೆಯೇ? ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನಲ್ಲಿ ಒಂದು ಪಟ್ಟಿ ತುಂಡಾಗಿರಬಹುದು.

ಇವೆಲ್ಲವನ್ನೂ ನೋಡಲು ಕಾಲು ಗಂಟೆ ಸಾಕು. ಬೆಟ್ಟದ ಬುಡದಲ್ಲಿ ಅಪ್ಪ ಅಮ್ಮ ಚಹಾ ಕುಡಿಯುವಷ್ಟು ಹೊತ್ತು. ಕ್ರಮ ಮಾತ್ರ ನೆನಪಿರಲಿ: ಮೊದಲು ಕೆಸರು, ಆಮೇಲೆ ನಟ್ಟು, ಗಾಳಿ, ಟೈರು, ಅದಾದ ಮೇಲೆ ಬ್ರೇಕು, ಕೊನೆಗೆ ಕೀಲು, ಬೇರಿಂಗು. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ.

ದೊಡ್ಡವರಿಗೆ ಒಂದು ಮಾತು. ಹಿಂದಿನ ಸೀಟಿನಿಂದ “ಗಾಡಿ ಯಾಕೆ ನಡುಗ್ತಿದೆ?” ಎಂಬ ಪ್ರಶ್ನೆ ಬಂದರೆ ಗದರಬೇಡಿ. ನಾವು ಓಡಿಸುತ್ತ ಓಡಿಸುತ್ತ ನಡುಕಕ್ಕೆ ಒಗ್ಗಿಹೋಗಿರುತ್ತೇವೆ, ಮಕ್ಕಳು ಒಗ್ಗಿರುವುದಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ.

ಮಕ್ಕಳೇ, ಸೈಕಲ್ಲಿನ ಪ್ರಯೋಗ ಮಾಡಿದ ಮೇಲೆ ಗಂಟನ್ನು ಬಿಚ್ಚಲು ಮರೆಯಬೇಡಿ. ಮುಂದಿನ ವಾರ ಸಿಗೋಣ.